ವಿಕಿರಣಪಟು ಅನಿಲಗಳು ಮತ್ತು ಲೋಕಾಭಿಪ್ರಾಯ: ಒಂದು ವಿಮರ್ಶೆ

ವಿಕಿರಣಪಟು ಅನಿಲಗಳ ಗುಣಧರ್ಮವನ್ನು ವಿವರಿಸುವುದು ಭೌತವಿಜ್ಞಾನಿಗಳ ಕೆಲಸ. ಆದರೆ ಅವುಗಳನ್ನು ಕುರಿತ ಲೋಕಾಭಿಪ್ರಾಯಕ್ಕೂ ಒಂದು ಚರಿತ್ರೆಯುಂಟು. ಅದು ಯಾವ ಘಟನೆಗಳಿಂದ ರೂಪುಗೊಂಡಿತೆಂದು ವಿಚಾರಿಸುವುದು ಇತಿಹಾಸದ ವಿದ್ಯಾರ್ಥಿಗೆ ಸಲ್ಲುವ ಕಾರ್ಯವೆಂದು ನಾವು ಭಾವಿಸುತ್ತೇವೆ.

ವಿಕಿರಣಪಟು ಅನಿಲವೆಂದೊಡನೆ ಜನರ ಮನಸ್ಸಿನಲ್ಲಿ ಮೂಡುವುದು ಸ್ಥಾವರದಿಂದ ಹೊರಟು, ಊರನ್ನು ಕವಿದು, ಒಡನೆಯೇ ಕೊಲ್ಲುವ ವಿಷದ ಮೋಡ. ಈ ಚಿತ್ರವು ಎರಡು ದುರಂತಗಳ ಬೆರಕೆಯೆಂದು ನಮಗೆ ತೋರುತ್ತದೆ. 1984ರ ಡಿಸೆಂಬರಿನಲ್ಲಿ ಭೋಪಾಲದಲ್ಲಿ ಸೋರಿದ ಮೀಥೈಲ್ ಐಸೊಸಯನೇಟ್ ಘೋರವಿಷವಾದರೂ ವಿಕಿರಣಪಟುವಲ್ಲ. 1986ರ ಏಪ್ರಿಲಿನಲ್ಲಿ ಚೆರ್ನೊಬಿಲ್ಲಿನಿಂದ ಹೊರಬಿದ್ದುದು ವಿಕಿರಣಪಟುವೇ ಹೌದು. ಆದರೆ ಸುತ್ತಣ ಜನರಿಗೆ ಅದರಿಂದಾದ ಹಾನಿ ತತ್‌ಕ್ಷಣದ ಮರಣವಲ್ಲ. ಅಯೋಡಿನ್-131 ಸೇರಿದ ಹಾಲು ಕುಡಿದ ಮಕ್ಕಳಲ್ಲಿ ಥೈರಾಯಿಡ್ ಕ್ಯಾನ್ಸರು ವರ್ಷಗಳ ತರುವಾಯ ಕಾಣಿಸಿಕೊಂಡಿತು. 17 ತಿಂಗಳೊಳಗೆ ನಡೆದ ಈ ಎರಡನ್ನೂ ನೆನಪು ಒಂದಾಗಿಸಿತು.

ಉತ್ತರ ಕನ್ನಡದ ಕೈಗಾ ಸ್ಥಾವರವನ್ನು ನಾಡು ಕಂಡುದು ಈ ನೆನಪಿನ ಮೂಲಕವೇ. 1994ರ ಮೇ 13ರಂದು ಅಲ್ಲಿ ನಿರ್ಮಾಣದಲ್ಲಿದ್ದ ಗುಮ್ಮಟದ ಒಳಮೈಯ ಕಾಂಕ್ರೀಟು ಕಳಚಿ ಬಿದ್ದಿತು. ಆಗಿನ್ನೂ ಇಂಧನವನ್ನೇ ತುಂಬಿರಲಿಲ್ಲ. ಆದುದರಿಂದ ವಿಕಿರಣಪಟು ಅನಿಲ ಸೋರುವ ಪ್ರಶ್ನೆಯೇ ಇರಲಿಲ್ಲ. 2009ರ ನವೆಂಬರಿನಲ್ಲಿ ಕೆಲಸಗಾರರ ದೇಹದಲ್ಲಿ ಟ್ರಿಟಿಯಂ ಕಂಡುಬಂದುದು ಗಾಳಿಯಿಂದಲ್ಲ, ಕುಡಿಯುವ ನೀರಿನ ಯಂತ್ರದಿಂದ. ಹಾಗೆಂದು ಇವು ಕ್ಷುಲ್ಲಕ ಸಂಗತಿಗಳಲ್ಲ. ಮೊದಲನೆಯದು ನಿರ್ಮಾಣದ ದೋಷವನ್ನೂ ಎರಡನೆಯದು ಕಾವಲಿನ ಲೋಪವನ್ನೂ ತೋರಿಸಿದವು. ಯೋಜನೆಯನ್ನು ವಿರೋಧಿಸಿ, 1989ರಲ್ಲಿ ಲೋಕಸಭೆಯ ಚುನಾವಣೆಗೂ ನಿಂತ ಶಿವರಾಮ ಕಾರಂತರಂಥವರ ಪ್ರಶ್ನೆಗಳನ್ನು ಭ್ರಮೆಯೆಂದು ತಳ್ಳಿಹಾಕುವುದು ಸಾಧುವಲ್ಲ. ಇಲ್ಲದ ಮೋಡವನ್ನು ಕಲ್ಪಿಸಿಕೊಂಡರೆ ಇರುವ ದೋಷ ಮರೆಯಾಗುತ್ತದೆಂಬುದಷ್ಟೇ ನಮ್ಮ ಆಕ್ಷೇಪ.

ಸ್ಥಾವರಕ್ಕೆ ಅಂಜುವ ನಾವು ಮನೆಯ ನೆಲದಡಿಯ ಅನಿಲವನ್ನು ಗಮನಿಸುವುದೇ ಇಲ್ಲ. ಮಂಡ್ಯ ಜಿಲ್ಲೆಯ ಬಹುಭಾಗ ಪ್ರಾಚೀನ ನೈಸ್ ಮತ್ತು ಗ್ರಾನೈಟ್ ಶಿಲೆಗಳ ಮೇಲೆ ನಿಂತಿದೆ. ಇಂಥ ಶಿಲೆಗಳಲ್ಲಿ ಅಲ್ಪಪ್ರಮಾಣದಲ್ಲಿರುವ ಯುರೇನಿಯಂ ಕ್ಷಯಿಸುತ್ತ ರೇಡಿಯಂ ಆಗುತ್ತದೆ. ರೇಡಿಯಂನಿಂದ ರೇಡಾನ್ ಅನಿಲ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅದರ ಅರ್ಧಾಯುಷ್ಯ 3.8 ದಿನ. ನೆಲದ ಬಿರುಕುಗಳಿಂದಲೂ ಕೊಳವೆ ಬಾವಿಯ ನೀರಿನಿಂದಲೂ ಅದು ಮನೆಯನ್ನು ಸೇರಬಲ್ಲುದು. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳು ಗೂಡು ಕಟ್ಟುವ ಹುಣಿಸೆಮರಗಳ ಬಯಲಿನಲ್ಲಿ ಅದು ಗಾಳಿಯೊಡನೆ ಬೆರೆತು ವಿರಳವಾಗುತ್ತದೆ; ಕಿಟಕಿ ಮುಚ್ಚಿದ ಕೋಣೆಯಲ್ಲಿ ಮಾತ್ರ ಸಂಚಯವಾಗುತ್ತದೆ. ಬಹುಕಾಲ ಉಸಿರಾಡಿದರೆ ಶ್ವಾಸಕೋಶದ ಕ್ಯಾನ್ಸರಿಗೆ ಕಾರಣವಾಗಬಹುದು. ಧೂಮಪಾನಿಗಳಿಗೆ ಅಪಾಯ ಇನ್ನೂ ಹೆಚ್ಚು. ವಿಶ್ವ ಆರೋಗ್ಯ ಸಂಸ್ಥೆಯು 2009ರಲ್ಲಿ ಮನೆಯೊಳಗಣ ರೇಡಾನಿಗೆ ಘನಮೀಟರಿಗೆ 100 ಬೆಕೆರೆಲ್ ಎಂಬ ಮಟ್ಟವನ್ನು ಸೂಚಿಸಿತು. ಪರಿಹಾರವೂ ದುಸ್ಸಾಧ್ಯವಲ್ಲ: ಅಳೆದು ನೋಡುವುದು, ನೆಲದ ಬಿರುಕು ಮುಚ್ಚುವುದು, ಗಾಳಿಯಾಡಲು ಬಿಡುವುದು. ನಿಸರ್ಗದಿಂದ ಬಂದುದೆಲ್ಲ ನಿರಪಾಯಕರವೆಂಬ ನಂಬಿಕೆಯೇ ಇದಕ್ಕೆ ದೊಡ್ಡ ಅಡ್ಡಿ.

ಕಾರಣವನ್ನು ನಿರ್ಣಯಿಸುವ ಕ್ರಮಕ್ಕೆ ಕೊಕ್ಕರೆ ಬೆಳ್ಳೂರೇ ಒಂದು ನಿದರ್ಶನವನ್ನು ಒದಗಿಸಿದೆ. 2017ರ ಕೊನೆಯಿಂದ 2018ರ ಮೊದಲ ತಿಂಗಳುಗಳವರೆಗೆ ಅಲ್ಲಿ ಹೆಜ್ಜಾರ್ಲೆಗಳು ಒಂದಾದ ಮೇಲೊಂದರಂತೆ ಸತ್ತವು. ಕಣ್ಣಿಗೆ ಕಾಣದ ಯಾವುದನ್ನಾದರೂ ದೂರಲು ಅದು ತಕ್ಕ ಸಂದರ್ಭವಾಗಿತ್ತು. ಆದರೆ ಮರಣೋತ್ತರ ಪರೀಕ್ಷೆ ನಡೆಸಿದಾಗ ಹಕ್ಕಿಗಳ ದೇಹದಲ್ಲಿ ಜಂತುಹುಳುಗಳ ಬಾಧೆ ಕಂಡುಬಂದಿತು. ಊಹೆಯಲ್ಲಿ ನಿಲ್ಲದೆ ದೇಹವನ್ನೇ ಪರೀಕ್ಷಿಸಿದುದರಿಂದ ಕಾರಣ ತಿಳಿಯಿತು.

ಒಂದು ಶಾಸನದ ಕಾಲವನ್ನು ನಿರ್ಣಯಿಸುವಾಗ ನಾವು ಲಿಪಿಯನ್ನೂ ತೇದಿಯನ್ನೂ ಸ್ಥಳವನ್ನೂ ಕೇಳುತ್ತೇವೆ. ಅನಿಲದ ವಿಷಯದಲ್ಲಿಯೂ ಕೇಳತಕ್ಕ ಪ್ರಶ್ನೆಗಳು ಇಂಥವೇ: ಯಾವ ಅನಿಲ, ಎಷ್ಟು, ಎಲ್ಲಿ, ಎಷ್ಟು ಕಾಲ? ಇವಕ್ಕೆ ಉತ್ತರವಿಲ್ಲದ ಭಯವೂ ಇವನ್ನು ಕೇಳಗೊಡದ ಅಭಯವೂ ಸಮಾನವಾಗಿ ಅಪ್ರಮಾಣ. ನಮ್ಮ ಕಾಲೇಜುಗಳಲ್ಲಿ ಈ ವಿಷಯದ ಬೋಧನೆ ಈ ನಾಲ್ಕು ಪ್ರಶ್ನೆಗಳಿಂದಲೇ ಆರಂಭವಾಗುವುದು ಉಚಿತ.