ಭೂತಕಥೆಯಲ್ಲಿ ನಿಯಮ ಮತ್ತು ನಿರೀಕ್ಷೆ

ಹರಪನಹಳ್ಳಿ ತಾಲ್ಲೂಕಿನ ಬಾಗಳಿಯ ಕಲ್ಲೇಶ್ವರ ದೇವಾಲಯವು 10ನೆಯ ಶತಮಾನದಲ್ಲಿ ರಾಷ್ಟ್ರಕೂಟರ ಆಳ್ವಿಕೆಯಲ್ಲಿ ಆರಂಭವಾಗಿ ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ವಿಸ್ತಾರಗೊಂಡುದು. ಇರುಳು ಕವಿದ ಮೇಲೆ ಇಂತಹ ಗುಡಿಯ ಕಂಬಗಳ ನಡುವೆ ನಿಂತವನಿಗೆ ಅಳುಕು ಹುಟ್ಟುವುದು ಸಹಜ. ಆದರೆ ಆ ಅಳುಕು ಇನ್ನೂ ಕಥೆಯಲ್ಲ. ಕತ್ತಲೆ, ಗುಡಿ, ಸ್ಮಶಾನ ಇವು ಸಾಮಗ್ರಿಗಳು ಮಾತ್ರ. ಭೂತಕಥೆಗಳನ್ನು ಜನರ ಮೂಢನಂಬಿಕೆಯ ದಾಖಲೆಗಳೆಂದಷ್ಟೇ ಓದುವ ವಾಡಿಕೆ ಚರಿತ್ರೆಯ ಅಭ್ಯಾಸಿಗಳಾದ ನಮ್ಮಲ್ಲಿದೆ. ಅದು ಸಾಲದೆಂಬುದು ನಮ್ಮ ಅಭಿಪ್ರಾಯ.

ಬೇತಾಳ ಕಥೆಗಳನ್ನು ನೋಡೋಣ. 11ನೆಯ ಶತಮಾನದಲ್ಲಿ ಕಾಶ್ಮೀರದ ಸೋಮದೇವನು ಅವನ್ನು ಕಥಾಸರಿತ್ಸಾಗರದಲ್ಲಿ ಸೇರಿಸಿದನು. ಹೆಣವನ್ನು ಹೊತ್ತ ಅರಸನು ಮಾತನಾಡಿದರೆ ಬೇತಾಳವು ಮರಕ್ಕೆ ಹಿಂದಿರುಗುವುದು. ಉತ್ತರ ಬಲ್ಲವನಾಗಿಯೂ ಸುಮ್ಮನಿದ್ದರೆ ಅವನ ತಲೆ ಸಿಡಿಯುವುದು. ಓದುಗನನ್ನು ಹಿಡಿದಿಡುವುದು ಹೆಣವಲ್ಲ, ಈ ನಿಯಮ. ಕೊನೆಗೆ ನಿಜವಾದ ಅಪಾಯವಿರುವುದು ಬೇತಾಳನಲ್ಲಲ್ಲ, ಅರಸನನ್ನು ಕಳುಹಿದ ಜೀವಂತ ತಪಸ್ವಿಯಲ್ಲಿ ಎಂಬುದು ತಿಳಿಯುತ್ತದೆ.

ಹಂಪೆಯ ರಾಘವಾಂಕನ ಹರಿಶ್ಚಂದ್ರಕಾವ್ಯದ ಸ್ಮಶಾನ ಪ್ರಸಂಗವು ಭೂತಕಥೆಯಲ್ಲ. ಆದರೂ ಅದರ ಕಟ್ಟು ಇದೇ. ಚಂದ್ರಮತಿಯು ಮಗನ ಶವದೊಡನೆ ಇರುಳಿನಲ್ಲಿ ಬಂದಿದ್ದಾಳೆ. ಸುಡುಗಾಡಿನ ಕಾವಲುಗಾರನು ಅವಳ ಪತಿಯೇ ಎಂಬುದನ್ನು ನಾವು ಬಲ್ಲೆವು, ಅವರು ಅರಿಯರು. ಅರಿತ ಮೇಲೂ ಒಡೆಯನಿಗೆ ಸಲ್ಲಬೇಕಾದ ತೆರೆಯನ್ನು ಬಿಡಲು ಅವನ ಸತ್ಯವ್ರತ ಒಪ್ಪದು. ಗುರುತು ಸಿಕ್ಕರೂ ಬಿಗಿ ಸಡಿಲುವುದಿಲ್ಲ.

ಆಧುನಿಕರು ಈ ಉಪಾಯವನ್ನು ಕೈಬಿಟ್ಟರೆಂದು ತಿಳಿಯಬೇಕಾಗಿಲ್ಲ. ಹೆನ್ರಿ ಜೇಮ್ಸನು 1898ರ ‘ದಿ ಟರ್ನ್ ಆಫ್ ದಿ ಸ್ಕ್ರೂ’ ಕೃತಿಯಲ್ಲಿ ನಿಯಮದ ಸ್ಥಾನದಲ್ಲಿ ಸಂಶಯವನ್ನಿಟ್ಟನು. ಪ್ರೇತಗಳು ಇದ್ದುವೋ, ಕಂಡವಳ ಮನಸ್ಸಿನಲ್ಲಷ್ಟೇ ಇದ್ದುವೋ ತೀರ್ಮಾನವಾಗದು. ಗಿರೀಶ ಕಾರ್ನಾಡರಾದರೋ 1988ರ ನಾಗಮಂಡಲದಲ್ಲಿ ಹಳೆಯ ನಿಯಮವನ್ನೇ ಮರಳಿ ತಂದರು. ಪಾಳುಗುಡಿಯಲ್ಲಿ ಕುಳಿತ ನಾಟಕಕಾರನು ಆ ತಿಂಗಳಲ್ಲಿ ಒಂದು ರಾತ್ರಿಯಾದರೂ ಪೂರ್ತಿ ಎಚ್ಚರವಿರದಿದ್ದರೆ ಸಾಯಬೇಕು. ಅಂದೇ ಕೊನೆಯ ರಾತ್ರಿ. ಬೇತಾಳದ ಅರಸನು ಮಾತನಾಡಬಾರದು, ಇವನು ನಿದ್ರಿಸಬಾರದು. ಅಷ್ಟರಲ್ಲಿ ದೀಪದ ಜ್ವಾಲೆಗಳು ಬಂದು ಮಾತಿಗಿಳಿಯುತ್ತವೆ. ಆ ಅದ್ಭುತವನ್ನು ಪ್ರೇಕ್ಷಕನು ಪ್ರಶ್ನಿಸುವುದಿಲ್ಲ. ಅವನ ಗಮನವೆಲ್ಲ ಬೆಳಗಾಗುವುದರ ಮೇಲಿದೆ.

ಆದುದರಿಂದ ಭೂತಕಥೆಯೊಂದನ್ನು ನಂಬಿಕೆಯ ಸಾಕ್ಷ್ಯವಾಗಿ ಬಳಸುವ ಮುನ್ನ ಅದರಲ್ಲಿ ಯಾವುದು ನಂಬಿಕೆ, ಯಾವುದು ಕಥೆಗಾರನ ಕಟ್ಟು ಎಂಬುದನ್ನು ಬೇರ್ಪಡಿಸಿಕೊಳ್ಳಬೇಕು. ಅರಸನ ಮೌನವು ಅಂದಿನವರು ಬೇತಾಳನನ್ನು ನಂಬಿದ್ದರೆಂಬುದಕ್ಕೆ ದುರ್ಬಲ ಸಾಕ್ಷಿ. ಕೇಳುಗರನ್ನು ಹಿಡಿದಿಡುವ ಬಗೆಯನ್ನು ಅವರು ಬಲ್ಲವರಾಗಿದ್ದರೆಂಬುದಕ್ಕೆ ಪ್ರಬಲ ಸಾಕ್ಷಿ. ವಿದ್ಯಾರ್ಥಿಗಳು ಮೊದಲು ಈ ಎರಡನೆಯದನ್ನು ಓದಲು ಕಲಿಯಲಿ.