ಗಿಲಾನ್-ಬಾರೆ: ಔಷಧಿಗಿಂತ ಮೊದಲು ಉಸಿರು

2025ರ ಆರಂಭದಲ್ಲಿ ಪುಣೆಯ ಸಿಂಹಗಡ ರಸ್ತೆಯ ಆಸುಪಾಸಿನಲ್ಲಿ ಗಿಲಾನ್-ಬಾರೆ ಸಿಂಡ್ರೋಮ್ ಪ್ರಕರಣಗಳು ಒಮ್ಮೆಲೇ ಏರಿದಾಗ ಕುಡಿಯುವ ನೀರಿನಷ್ಟೇ ಚರ್ಚೆಯಾದದ್ದು ಇಮ್ಯುನೊಗ್ಲಾಬ್ಯುಲಿನ್ ಇಂಜೆಕ್ಷನ್ನಿನ ಬೆಲೆ. ಬೆಲೆ ದುಬಾರಿ ಎಂಬುದು ನಿಜ. ಆದರೆ ಈ ಕಾಯಿಲೆಯಲ್ಲಿ ನಾವು ಎಡವುತ್ತಿರುವುದು ಔಷಧಿಗಿಂತ ಮೊದಲೇ, ರೋಗಿಯ ಹಾಸಿಗೆಯ ಪಕ್ಕದಲ್ಲಿ.

ಭೇದಿಯೋ ಜ್ವರವೋ ಬಂದುಹೋದ ಕೆಲವು ದಿನ ಅಥವಾ ವಾರಗಳಲ್ಲಿ ದೇಹದ ರೋಗನಿರೋಧಕ ಶಕ್ತಿ ತನ್ನದೇ ನರಗಳ ಮೇಲೆ ತಿರುಗಿಬೀಳುತ್ತದೆ. ಪಾದ ಜುಮುಗುಡುತ್ತದೆ, ಬೆನ್ನು ನೋಯುತ್ತದೆ, ಮೆಟ್ಟಿಲು ಹತ್ತಲಾಗುವುದಿಲ್ಲ. ಮಂಡಿಚಿಪ್ಪಿನ ಕೆಳಗೆ ಸುತ್ತಿಗೆಯಿಂದ ತಟ್ಟಿದರೆ ಕಾಲು ಚಿಮ್ಮುವುದಿಲ್ಲ. ಸಂಶಯಪಡಲು ಇಷ್ಟು ಸಾಕು. ಕಟ್ಟುಹಾವಿನ ಕಡಿತ, ಪೊಟ್ಯಾಸಿಯಂ ಕೊರತೆ, ಬೆನ್ನುಹುರಿಯ ತೊಂದರೆ ಅಲ್ಲವೆಂದು ಆಗಲೇ ಖಚಿತಪಡಿಸಿಕೊಳ್ಳಬೇಕು. ಎಷ್ಟೋ ಕಡೆ ಸುಸ್ತೆಂದು ವಿಟಮಿನ್ ಕೊಟ್ಟು ಕಳಿಸುತ್ತಾರೆ; ಇಲ್ಲವೇ ಬೆನ್ನುನೀರಿನ ವರದಿ ನಾರ್ಮಲ್ ಎಂದು ಸುಮ್ಮನಾಗುತ್ತಾರೆ. ಬೆನ್ನುನೀರಿನಲ್ಲಿ ಜೀವಕೋಶ ಹೆಚ್ಚದೆ ಪ್ರೋಟೀನ್ ಮಾತ್ರ ಏರುವುದನ್ನು ಗಿಲಾನ್, ಬಾರೆ ಮತ್ತು ಸ್ಟ್ರೋಲ್ 1916ರಲ್ಲೇ ಗುರುತಿಸಿದರು. ಆದರೆ ಮೊದಲ ವಾರ ಆ ಪ್ರೋಟೀನ್ ಏರದೆಯೂ ಇರಬಹುದು.

ಚಿಕಿತ್ಸೆಯ ಆಧಾರ ಗಟ್ಟಿಯಾಗಿದೆ. ಪ್ಲಾಸ್ಮಾ ಬದಲಾವಣೆಯಿಂದ ಚೇತರಿಕೆ ಬೇಗವೆಂದು 1985ರ ಅಮೆರಿಕದ ಅಧ್ಯಯನ ತೋರಿಸಿತು. ಇಮ್ಯುನೊಗ್ಲಾಬ್ಯುಲಿನ್ ಅದಕ್ಕೆ ಕಡಿಮೆಯಿಲ್ಲವೆಂದು 1992ರ ಡಚ್ ಅಧ್ಯಯನ ಹೇಳಿತು. ಹಾಗಿರುವಾಗ ಸುಸಜ್ಜಿತ ಆಸ್ಪತ್ರೆಯಲ್ಲಿ ಪ್ಲಾಸ್ಮಾ ಬದಲಾವಣೆಯನ್ನು ಬಡವರ ಎರಡನೇ ದರ್ಜೆಯ ಚಿಕಿತ್ಸೆಯಂತೆ ಕಾಣುವುದು ತಪ್ಪು. ಸ್ಟೀರಾಯ್ಡ್ ಮಾತ್ರೆಯಿಂದ ಇಲ್ಲಿ ಪ್ರಯೋಜನವಿಲ್ಲ. ಗುಣ ಕಾಣಲಿಲ್ಲವೆಂದು ಸಾಲ ಮಾಡಿಸಿ ಇಮ್ಯುನೊಗ್ಲಾಬ್ಯುಲಿನ್‌ನ ಎರಡನೇ ಕೋರ್ಸ್ ಕೊಡಿಸುವುದನ್ನೂ 2021ರಲ್ಲಿ ಪ್ರಕಟವಾದ ಅಧ್ಯಯನ ಸಮರ್ಥಿಸುವುದಿಲ್ಲ: ಲಾಭ ಕಾಣಲಿಲ್ಲ, ಅಡ್ಡಪರಿಣಾಮ ಹೆಚ್ಚಿತು.

ಎಲ್ಲಕ್ಕಿಂತ ದೊಡ್ಡ ಲೋಪ ಉಸಿರಿನ ನಿಗಾದಲ್ಲಿದೆ. ಸುಮಾರು ನಾಲ್ವರಲ್ಲಿ ಒಬ್ಬರಿಗೆ ವೆಂಟಿಲೇಟರ್ ಬೇಕಾಗುತ್ತದೆ. ಬೆರಳಿಗೆ ಸಿಕ್ಕಿಸಿದ ಯಂತ್ರ ಆಮ್ಲಜನಕ 98 ಎಂದು ತೋರಿಸುತ್ತಿದೆಯೆಂದು ನೆಮ್ಮದಿಪಡುವಂತಿಲ್ಲ. ಉಸಿರಾಟದ ಸ್ನಾಯುಗಳು ಸೋತು ಬಹಳ ಹೊತ್ತಾದ ಮೇಲಷ್ಟೇ ಆ ಅಂಕಿ ಇಳಿಯುತ್ತದೆ. ಆಳವಾಗಿ ಉಸಿರೆಳೆದುಕೊಂಡು ಒಂದೇ ಉಸಿರಿಗೆ ಎಣಿಸಲು ರೋಗಿಗೆ ಹೇಳಿ. ಬೆಳಿಗ್ಗೆ ಮೂವತ್ತು ದಾಟಿದವರು ಸಂಜೆ ಹದಿನೈದಕ್ಕೇ ನಿಂತರೆ ಅದು ಅಪಾಯದ ಕರೆ. ಗುಟುಕು ನೀರಿಗೆ ಕೆಮ್ಮುವುದು, ಕತ್ತು ಎತ್ತಲಾಗದಿರುವುದು, ರಕ್ತದೊತ್ತಡ ಏರಿಳಿಯುವುದೂ ಹಾಗೆಯೇ.

ಈ ಪರೀಕ್ಷೆಗೆ ಕಾಸು ಖರ್ಚಿಲ್ಲ. ತಾಲ್ಲೂಕು ಆಸ್ಪತ್ರೆಯ ಕೇಸ್ ಶೀಟಿನಲ್ಲಿ ಜ್ವರ, ಬಿಪಿಯ ಪಕ್ಕದಲ್ಲೇ ಈ ಎಣಿಕೆಗೂ ಒಂದು ಕಾಲಂ ಬೇಕು. ವೆಂಟಿಲೇಟರ್ ಇರುವ ಊರಿಗೆ ಆಂಬುಲೆನ್ಸ್ ಯಾವಾಗ ಹೊರಡಬೇಕೆಂಬುದು ಆ ಕಾಲಂ ನೋಡಿ ತೀರ್ಮಾನವಾಗಲಿ.