‘ನ್ಯೂಸ್’ ನಾಲ್ಕು ದಿಕ್ಕಿನಿಂದ ಬಂದದ್ದಲ್ಲ

ನಾರ್ತ್, ಈಸ್ಟ್, ವೆಸ್ಟ್, ಸೌತ್. ಈ ನಾಲ್ಕರ ಮೊದಲಕ್ಷರ ಸೇರಿಸಿದರೆ ‘ನ್ಯೂಸ್’; ನಾಲ್ಕು ದಿಕ್ಕಿನಿಂದ ಬರುವುದೇ ಸುದ್ದಿ. ಸಾಮಾನ್ಯ ಜ್ಞಾನದ ಪುಸ್ತಕಗಳಲ್ಲಿ, ಜುಲೈ 1ರ ಪತ್ರಿಕಾ ದಿನಾಚರಣೆಯ ಭಾಷಣಗಳಲ್ಲಿ, ಕೊನೆಗೆ ಪತ್ರಿಕೋದ್ಯಮದ ತರಗತಿಗಳಲ್ಲೂ ಈ ಮಾತು ಕೇಳಿ ಕೇಳಿ ನಮಗೆ ಅನುಮಾನವೇ ಹುಟ್ಟದಂತಾಗಿದೆ. ಆದರೆ ಇದು ಸುಳ್ಳು.

‘ನ್ಯೂ’ ಎಂದರೆ ಹೊಸದು. ಆ ಗುಣವಾಚಕಕ್ಕೆ ಬಹುವಚನದ ‘ಎಸ್’ ಹತ್ತಿ, ಹೊಸ ಸಂಗತಿಗಳು ಎಂಬ ಅರ್ಥದ ನಾಮಪದವಾಯಿತು. ಇದು 14ನೇ ಶತಮಾನದ ಕೊನೆಯ ಹೊತ್ತಿನ ಮಾತು. ಫ್ರೆಂಚರ ‘ನೂವೆಲ್’ ಕೂಡ ಇದೇ ಜಾಡಿನದು. ಸುದ್ದಿಗೆ ‘ನ್ಯೂಸ್’ಗಿಂತ ಹಳೆಯ ಇಂಗ್ಲಿಷ್ ಪದವಾದ ‘ಟೈಡಿಂಗ್ಸ್’ ಈಗ ಹೆಚ್ಚಾಗಿ ಕ್ರಿಸ್‌ಮಸ್ ಹಾಡುಗಳಲ್ಲಷ್ಟೇ ಉಳಿದಿದೆ. 1622ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ವಾರದ ಸುದ್ದಿಪುಸ್ತಿಕೆಗಳ ಮುಖಪುಟದಲ್ಲಿ ‘ನ್ಯೂಸ್’ ಪದದ ಕಾಗುಣಿತ ಎನ್, ಇ, ಡಬ್ಲ್ಯೂ, ಇ, ಎಸ್ ಎಂದಿದೆ. ಆ ಎರಡನೆಯ ‘ಇ’ಗೆ ದಿಕ್ಕಿನ ಕಥೆಯಲ್ಲಿ ಜಾಗವೇ ಇಲ್ಲ. ಮೊದಲಕ್ಷರ ಪೋಣಿಸಿ ಪದ ಕಟ್ಟುವ ರೂಢಿ ಇಂಗ್ಲಿಷಿನಲ್ಲಿ ಹಬ್ಬಿದ್ದೂ 20ನೇ ಶತಮಾನದಲ್ಲಿ. ‘ರೇಡಾರ್’ ಅಂಥ ಪದ, ‘ನ್ಯೂಸ್’ ಅಲ್ಲ.

ಹಾಗಾದರೆ ಈ ಕಥೆ ಎಲ್ಲಿಯದು? 1640ರಲ್ಲಿ ಲಂಡನ್ನಿನಲ್ಲಿ ಹೊರಬಂದ ಚುಟುಕಗಳ ಸಂಕಲನವೊಂದರಲ್ಲೇ ಇದು ಸಿಗುತ್ತದೆ, ಚಮತ್ಕಾರದ ಪದ್ಯವಾಗಿ. ಅಷ್ಟರಲ್ಲಿ ಪದಕ್ಕೆ ಇನ್ನೂರು ವರ್ಷ ದಾಟಿತ್ತು. ಅಂದಿನ ವಿನೋದ ಇಂದು ಪಾಠವಾಗಿದೆ.

ನೆನಪಿಗೆ ಸುಲಭ, ಇದರಿಂದ ಯಾರಿಗೇನು ನಷ್ಟ ಎನ್ನುವವರಿದ್ದಾರೆ. ನಷ್ಟವಿದೆ. ‘ನ್ಯೂಸ್’ ಕೊನೆಗೆ ‘ಎಸ್’ ಇದ್ದರೂ ಏಕವಚನದ ಕ್ರಿಯಾಪದವೇಕೆ ಎಂದು ನಮ್ಮ ಮಕ್ಕಳು ತಡವರಿಸುತ್ತಾರೆ. ಉತ್ತರ ಪದದ ಚರಿತ್ರೆಯಲ್ಲೇ ಇದೆ: ಒಂದು ಕಾಲಕ್ಕೆ ಅದು ಬಹುವಚನವೇ ಆಗಿತ್ತು, ಶೇಕ್ಸ್‌ಪಿಯರ್ ಎರಡೂ ಬಗೆಯಲ್ಲಿ ಬಳಸಿದ್ದಾನೆ, ಬರಬರುತ್ತಾ ಏಕವಚನವಾಗಿ ನೆಲೆಯಾಯಿತು. ‘ಎಸ್’ ಎಂದರೆ ದಕ್ಷಿಣ ಎಂದು ಕಲಿತ ಮಗುವಿಗೆ ಈ ದಾರಿ ಮುಚ್ಚಿಹೋಗುತ್ತದೆ. ಅದಕ್ಕಿಂತ ದೊಡ್ಡ ನಷ್ಟ ಪತ್ರಿಕೋದ್ಯಮದ ತರಗತಿಯಲ್ಲಾಗುತ್ತದೆ. ಕೇಳಿದ್ದನ್ನೆಲ್ಲ ನಂಬಬೇಡ, ಮೂಲ ನೋಡು ಎಂದು ಕಲಿಸಬೇಕಾದ ಕಡೆ, ಯಾರೂ ಮೂಲ ನೋಡದ ಸಂಗತಿಯೇ ಮೊದಲ ಪಾಠವಾದರೆ ಆ ವಿದ್ಯಾರ್ಥಿ ಮುಂದೆ ವಾಟ್ಸ್ಆ್ಯಪ್‌ನ ಗಾಳಿಮಾತನ್ನು ಹೇಗೆ ತಡೆದಾನು?

ನಾವೇನೂ ಪದಚರಿತ್ರೆ ಅರಿಯದ ಜನರಲ್ಲ. ಕೇಶಿರಾಜ 13ನೇ ಶತಮಾನದಲ್ಲೇ ‘ಶಬ್ದಮಣಿದರ್ಪಣ’ದಲ್ಲಿ ಪದಗಳು ರೂಪ ಬದಲಿಸುವ ಬಗೆಗೆ ಅಪಭ್ರಂಶ ಪ್ರಕರಣವನ್ನೇ ಮೀಸಲಿಟ್ಟ. ಹೈಸ್ಕೂಲಿನಲ್ಲಿ ತತ್ಸಮ-ತದ್ಭವ ಓದಿದ ಯಾರಿಗೂ ‘ನ್ಯೂ’ ‘ನ್ಯೂಸ್’ ಆದದ್ದು ಕಷ್ಟದ ವಿಷಯವಲ್ಲ.

ಮೇಷ್ಟ್ರುಗಳಲ್ಲಿ, ಪುಸ್ತಕ ಬರೆಯುವವರಲ್ಲಿ ನನ್ನದೊಂದೇ ಕೋರಿಕೆ: ದಿಕ್ಕಿನ ಕಥೆ ಹೇಳಲೇಬೇಕೆನಿಸಿದರೆ 1640ರ ಚುಟುಕವೆಂದೇ ಹೇಳಿ, ಆಮೇಲೆ ನಿಘಂಟು ತೆರೆದು ಮಕ್ಕಳ ಮುಂದಿಡಿ.